ತುಕ್ಕಿನ ಮೇಲಿನ ಬಣ್ಣ

ನದಿಯಿಲ್ಲದ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ನೀರಿನ ವಿಷಯದಲ್ಲಿ ಒಂದು ಬಗೆಯ ಭಕ್ತಿಯೂ, ಆ ಭಕ್ತಿಗೆ ಸಮನಾದ ಅಪರಿಚಯವೂ ಕೂಡಿಯೇ ಬಂದಿರುತ್ತವೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರವೆಂಬ ನಮ್ಮ ಈ ತಾಲ್ಲೂಕುಗಳಲ್ಲಿ ವರ್ಷವೆಲ್ಲ ಹರಿಯತಕ್ಕ ಹೊಳೆ ಒಂದೂ ಇಲ್ಲ. ಪಾಲಾರ್ ನದಿಯೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವುದು ಕೂಡ ಬಹುಪಾಲು ವರ್ಷಗಳಲ್ಲಿ ಮರಳಿನ ಹಾದಿಯೇ ಸರಿ. ಮಳೆ ಕೃಪೆ ಮಾಡಿದ ವರ್ಷ ಮಾತ್ರ ಅದು ಕೆರೆಯಿಂದ ಕೆರೆಗೆ ಕೋಡಿ ಹರಿದು, ಬೇತಮಂಗಲವನ್ನು ದಾಟಿ, ಆಂಧ್ರ ತಮಿಳುನಾಡುಗಳ ಮೂಲಕ ಬಂಗಾಳ ಕೊಲ್ಲಿಯ ಕಡೆಗೆ ನಡೆಯುತ್ತದೆ. ಆದ್ದರಿಂದಲೇ ಅಂತರಗಂಗೆಯ ಬೆಟ್ಟದಲ್ಲಿ ಕಲ್ಲಿನ ಬಸವನ ಬಾಯಿಂದ ಬೀಳುವ ಸಣ್ಣ ಧಾರೆಗೆ ನಾವು ಗಂಗೆಯ ಹೆಸರಿಟ್ಟು ತಲೆಬಾಗುತ್ತೇವೆ. ಶ್ರೀಪಾದರಾಜರು ಮುಳಬಾಗಿಲಿನ ನರಸಿಂಹತೀರ್ಥಕ್ಕೆ ಗಂಗೆಯನ್ನೇ ಬರಮಾಡಿಕೊಂಡರೆಂಬ ಐತಿಹ್ಯವನ್ನು ಮಕ್ಕಳಿಗೆ ಹೇಳುತ್ತೇವೆ. ಸಾವಿರ ಅಡಿಗೂ ಕೆಳಗೆ ಇಳಿದ ಕೊಳವೆಬಾವಿಯಲ್ಲಿ ನೀರು ಕಂಡ ದಿನ ಆ ಕೊಳವೆಗೇ ಅರಿಸಿನ ಕುಂಕುಮವಿಟ್ಟು ತೆಂಗಿನಕಾಯಿ ಒಡೆಯುತ್ತೇವೆ. ಇಂಥ ಜನ ಸಮುದ್ರದ ಮೇಲೆ ವಿಹಾರಕ್ಕೆ ಹೊರಟಾಗ, ಟಿಕೀಟಿನ ಹಣದೊಡನೆ ತಮ್ಮಲ್ಲಿರುವ ನಂಬಿಕೆಯನ್ನೆಲ್ಲ ಹಡಗಿನವರ ಕೈಗೆ ಒಪ್ಪಿಸಿಬಿಟ್ಟಿರುತ್ತಾರೆ. ಆ ನಂಬಿಕೆಯನ್ನು ಕಾಯದೆ ಹೋದ ಒಂದು ಹಡಗಿನ ವಿಚಾರವನ್ನು ಬರೆಯಬೇಕೆಂದು ಬಹುದಿನದಿಂದ ಅಂದುಕೊಂಡಿದ್ದೇನೆ.

ನನಗೆ ಸಮುದ್ರಯಾನದ ಆಸೆ ಹುಟ್ಟಿದ್ದು ಪುಸ್ತಕಗಳಿಂದ. ವಿನಾಯಕ ಕೃಷ್ಣ ಗೋಕಾಕರು ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗಿ ಬಂದವರು. ಕಡಲಿನ ಆ ಅನುಭವದಿಂದ ಕನ್ನಡಕ್ಕೆ ‘ಸಮುದ್ರ ಗೀತೆಗಳು’ ದೊರೆತವು. ಆ ಕಾಲದ ಬರಹಗಾರರಿಗೆ ಹಡಗೆಂಬುದು ವಾರಗಟ್ಟಲೆ ವಾಸಿಸತಕ್ಕ ಒಂದು ಊರಾಗಿತ್ತು. ವಿಮಾನ ಬಂದ ಮೇಲೆ ಆ ಊರು ಅಳಿದುಹೋಯಿತೆಂದು ನಾನು ಭಾವಿಸಿದ್ದಾಗಲೇ, ವಿಹಾರನೌಕೆಗಳೆಂಬ ಹೊಸ ರೂಪದಲ್ಲಿ ಅದು ಮತ್ತೆ ಕಾಣಿಸಿಕೊಂಡು, ಕೆಲವು ದಿನಗಳ ಮಟ್ಟಿಗಾದರೂ ಕಡಲಿನ ಮೇಲೆ ಸಂಸಾರ ಮಾಡಬಹುದೆಂಬ ಆಸೆಯನ್ನು ನಮ್ಮಂಥವರಲ್ಲಿಯೂ ಚಿಗುರಿಸಿತು. ಮುಳಬಾಗಿಲಿನಲ್ಲಿರುವ ನನ್ನ ಅಕ್ಕ, ಆಕೆಯ ಮೊಮ್ಮಕ್ಕಳು, ಮಾಲೂರಿನಲ್ಲಿ ಹೆಂಚಿನ ಕಾರ್ಖಾನೆ ನಡೆಸುವ ನನ್ನ ಭಾವಮೈದುನನ ಕುಟುಂಬ, ಶ್ರೀನಿವಾಸಪುರದ ಕಡೆ ಮಾವಿನ ತೋಟವಿರುವ ಹಳೆಯ ಸ್ನೇಹಿತರು, ಕೋಲಾರದಿಂದ ನಾವು, ಹೀಗೆ ಒಂದು ದೊಡ್ಡ ತಂಡವೇ ಕೂಡಿತು. ಸ್ನೇಹಿತರು ಆ ವರ್ಷ ಮಂಡಿಯಲ್ಲಿ ಬಾದಾಮಿ ಹಣ್ಣಿಗೆ ಒಳ್ಳೆಯ ಬೆಲೆ ದೊರೆತದ್ದನ್ನು ಇದಕ್ಕೆಂದೇ ತೆಗೆದಿಟ್ಟಿದ್ದರು. ಮಕ್ಕಳ ಕ್ರಿಸ್‌ಮಸ್ ರಜೆ ಬಂದೊಡನೆ ಬಂಗಾರಪೇಟೆಯಲ್ಲಿ ರೈಲು ಹತ್ತಿದೆವು.

ಹಡಗಿನ ಹೆಸರನ್ನೂ ಅದರ ಒಡೆಯರ ಹೆಸರನ್ನೂ ಅದು ಹೊರಟ ಬಂದರನ್ನೂ ನಾನು ಇಲ್ಲಿ ಹೇಳುವುದಿಲ್ಲ. ಒಬ್ಬರನ್ನು ಹೆಸರಿಸಿ ಬಯ್ಯುವುದು ಈ ಬರಹದ ಉದ್ದೇಶವಲ್ಲ. ಅಂಥ ಹಡಗು ಒಂದೇ ಇರಲಾರದೆಂಬ ಭಯವೇ ಇದನ್ನು ಬರೆಸುತ್ತಿದೆ.

ದೂರದಿಂದ ನೋಡುವಾಗ ಅದು ಬೆಳ್ಳಗೆ, ಎತ್ತರವಾಗಿ, ಅಂತಸ್ತಿನ ಮೇಲೆ ಅಂತಸ್ತಾಗಿ, ಪತ್ರಿಕೆಯಲ್ಲಿ ಅಚ್ಚಾಗಿದ್ದ ಚಿತ್ರವನ್ನೇ ಹೋಲುತ್ತಿತ್ತು. ಹತ್ತಿರ ಹೋದಂತೆ, ಲಂಗರಿನ ಸರಪಣಿ ಹೊರಬರುವ ಕಂಡಿಯ ಕೆಳಗೂ ಕಿಟಕಿಗಳ ಕೆಳಗೂ ಕಂದುಬಣ್ಣದ ಗೀರುಗಳು ನೀರಿನವರೆಗೆ ಇಳಿದಿರುವುದು ಕಂಡಿತು. ಅಕ್ಕ ಅದೊಂದನ್ನೂ ಗಮನಿಸಲಿಲ್ಲ. ಹಡಗಿನ ಹೊಸ್ತಿಲೆಂದು ತಾನು ತಿಳಿದ ಕಬ್ಬಿಣದ ಅಂಚನ್ನು ಬಲಗೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡು, ಸೆರಗಿನ ತುದಿಯಲ್ಲಿ ಕಟ್ಟಿ ತಂದಿದ್ದ ಕುಂಕುಮವನ್ನು ಅಲ್ಲಿಗೆ ಹಚ್ಚಿ, “ಗಂಗಮ್ಮ ತಾಯೀ, ಮಕ್ಕಳನ್ನು ನೋಡಿಕೊಳ್ಳಮ್ಮ” ಎಂದು ಒಳಗೆ ಕಾಲಿಟ್ಟಳು. ಬಾಗಿಲಲ್ಲಿ ನಿಂತಿದ್ದ ಸಮವಸ್ತ್ರದ ತರುಣ ಅದನ್ನು ಕಂಡು ಗೌರವದಿಂದ ಪಕ್ಕಕ್ಕೆ ಸರಿದ. ಅವನ ಆ ನಡವಳಿಕೆಯನ್ನು ನಾನು ಮರೆಯುವಂತಿಲ್ಲ. ಈ ಬರಹದಲ್ಲಿ ಮುಂದೆ ಬರುವ ಯಾವ ಮಾತೂ ಆ ಹಡಗಿನ ಕೆಲಸಗಾರರನ್ನು ಕುರಿತದ್ದಲ್ಲ.

ಸಣ್ಣಪುಟ್ಟ ಅನನುಕೂಲಗಳನ್ನು ಹೇಳಿ ಓದುಗರ ಕಾಲವನ್ನು ಹಾಳುಮಾಡುವುದಿಲ್ಲ. ಕೋಣೆಯಲ್ಲಿ ಹಳೆಯ ಒದ್ದೆ ಜಮಖಾನದ ವಾಸನೆಯಿತ್ತು; ನಲ್ಲಿಯನ್ನು ತಿರುಗಿಸಿದಾಗ ಮೊದಲು ಕೆಮ್ಮಣ್ಣಿನ ಬಣ್ಣದ ನೀರು ಬಂದು ಆಮೇಲೆ ತಿಳಿಯಾಯಿತು; ಮಕ್ಕಳು ಊರಿನಿಂದಲೇ ಕನಸು ಕಂಡು ಬಂದಿದ್ದ ಈಜುಕೊಳ ಖಾಲಿಯಾಗಿ, ಅದರ ಮೇಲೆ ಬಲೆ ಹೊದಿಸಲಾಗಿತ್ತು; ನೋಡಬೇಕಾಗಿದ್ದ ಒಂದು ಬಂದರನ್ನು ತಾಂತ್ರಿಕ ಕಾರಣವೆಂದು ಹೇಳಿ ಬಿಟ್ಟುಬಿಟ್ಟರು. ಊಟದ ವಿಷಯದಲ್ಲಿ ನಮ್ಮವರು ಉದಾರಿಗಳು. ಹುಳಿಗೆ ಉಪ್ಪು ಸಾಲದಿದ್ದರೆ ಸಂಚಿಯಲ್ಲಿದ್ದ ಉಪ್ಪಿನಕಾಯಿ ತೆಗೆದು ಸಮಾಧಾನ ಮಾಡಿಕೊಂಡರು. ಇವೆಲ್ಲವೂ ಕ್ಷಮಿಸತಕ್ಕವು. ಹೊಸ ಸ್ಥಳಕ್ಕೆ ಹೋಗಿ ಮನೆಯ ಸುಖವನ್ನು ಬಯಸುವುದು ನ್ಯಾಯವಲ್ಲವೆಂದು ನಾನೂ ಒಪ್ಪುತ್ತೇನೆ. ಆದರೆ ಕ್ಷಮೆಗೂ ಒಂದು ಎಲ್ಲೆಯುಂಟು, ಮತ್ತು ಆ ಎಲ್ಲೆ ನನಗೆ ಗೋಚರವಾದದ್ದು ಎರಡನೆಯ ದಿನದ ಬೆಳಗ್ಗೆ, ಜೀವರಕ್ಷಕ ದೋಣಿಗಳು ತೂಗುಬಿದ್ದಿದ್ದ ಅಂತಸ್ತಿನಲ್ಲಿ.

ನನ್ನ ಭಾವಮೈದುನನಿಗೆ ಯಂತ್ರವೆಲ್ಲಿದ್ದರೂ ಅದರ ಹತ್ತಿರ ಹೋಗಿ ನಿಲ್ಲುವ ಸ್ವಭಾವ. ಕೆರೆಯ ಜೇಡಿಯನ್ನು ಕಲಸುವ ಯಂತ್ರ, ಹೆಂಚನ್ನು ಒತ್ತುವ ಅಚ್ಚು, ಹಗಲಿರುಳು ಉರಿಯುವ ಗೂಡು, ಇವುಗಳ ನಡುವೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಬಾಳಿದ ಅವನಿಗೆ ತಿರುಗತಕ್ಕ ವಸ್ತು ತಿರುಗುತ್ತದೆಯೇ ಇಲ್ಲವೇ ಎಂಬುದು ದೂರದಿಂದಲೇ ತಿಳಿಯುತ್ತದೆ. ದೋಣಿಯನ್ನು ನೀರಿಗೆ ಇಳಿಸುವ ಕಬ್ಬಿಣದ ತೋಳಿನ ಕೆಳಗೆ ನಿಂತು, ಉಕ್ಕಿನ ಹಗ್ಗ ಹಾಯುವ ರಾಟೆಯನ್ನು ಬಹಳ ಹೊತ್ತು ದಿಟ್ಟಿಸಿ, ಅವನು ನನ್ನನ್ನು ಕರೆದ. “ಭಾವ, ಈ ರಾಟೆ ನೋಡಿ. ಚಕ್ರಕ್ಕೂ ಅದನ್ನ ಹಿಡಿದಿರೋ ಪಟ್ಟಿಗೂ ಸೇರಿಸಿ ಬಣ್ಣ ಬಳಿದುಬಿಟ್ಟವ್ರೆ. ತಿರುಗೋ ಚಕ್ರಕ್ಕೆ ಗ್ರೀಸ್ ಹಾಕ್ತಾರೆ, ಬಣ್ಣ ಬಳಿಯಲ್ಲ. ಇದು ತಿರುಗಿ ಎಷ್ಟು ಕಾಲ ಆಯ್ತೋ!” ನಾನು ಬಗ್ಗಿ ನೋಡಿದೆ. ಬಿಳಿಯ ಬಣ್ಣ ಚಕ್ರದ ಅಂಚಿನಿಂದ ಪಟ್ಟಿಯವರೆಗೆ ಒಂದೇ ಪದರವಾಗಿ ಗಟ್ಟಿಗೊಂಡಿತ್ತು; ಎಲ್ಲಿಯೂ ಬಿರುಕಿರಲಿಲ್ಲ. ಆ ಚಕ್ರ ಒಂದು ಸಲ ಅಲುಗಿದ್ದರೂ ಆ ಪದರ ಒಡೆದಿರಬೇಕಾಗಿತ್ತು.

ನಮಗೆ ಜೀವರಕ್ಷಕ ಅಂಗಿಗಳನ್ನು ತೊಡುವ ಕ್ರಮವನ್ನು ಇನ್ನೂ ಯಾರೂ ತೋರಿಸಿರಲಿಲ್ಲವೆಂಬುದು ಆಗ ನೆನಪಾಯಿತು. ಕೋಣೆಯ ಬೀರುವಿನಲ್ಲಿದ್ದ ಅಂಗಿಗಳನ್ನು ತೆಗೆದು ನೋಡಿದರೆ ಒಂದರ ಪಟ್ಟಿ ಹರಿದಿತ್ತು, ಇನ್ನೊಂದರ ಸೀಟಿ ಇರಲಿಲ್ಲ, ಮಕ್ಕಳ ಅಳತೆಯದು ಒಂದೂ ಇರಲಿಲ್ಲ. ಕೇಳಿದಾಗ, ಆ ಕಾರ್ಯಕ್ರಮವನ್ನು ಮಾರನೆಯ ದಿನ ಇಟ್ಟುಕೊಂಡಿದ್ದಾರೆಂಬ ಉತ್ತರ ಬಂತು. ಮಾರನೆಯ ದಿನ ಆ ಹೊತ್ತಿಗೆ ಸಂಗೀತದ ಸಭೆ ಇತ್ತು.

ಇದು ಎಷ್ಟು ದೊಡ್ಡ ವಿಷಯವೆಂಬುದನ್ನು ಕಡಲಿನ ಚರಿತ್ರೆ ಬಲ್ಲವರು ಬಲ್ಲರು. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಅದರಲ್ಲಿದ್ದವರೆಲ್ಲರಿಗೆ ಸಾಲುವಷ್ಟು ದೋಣಿಗಳಿರಲಿಲ್ಲ. ಆ ದುರಂತದ ಫಲವಾಗಿ 1914ರಲ್ಲಿ ರಾಷ್ಟ್ರಗಳು ಕೂಡಿ ಕಡಲಿನಲ್ಲಿ ಜೀವರಕ್ಷಣೆಯ ಮೊದಲನೆಯ ಒಡಂಬಡಿಕೆಯನ್ನು ಬರೆದುಕೊಂಡವು. ಅದು ಕಾಲಕಾಲಕ್ಕೆ ತಿದ್ದುಪಡಿಯಾಗುತ್ತ ಬಂದು, ಹಡಗು ಹತ್ತಿದ ಇಪ್ಪತ್ತನಾಲ್ಕು ಗಂಟೆಗಳೊಳಗೆ ಪ್ರಯಾಣಿಕರಿಗೆ ಈ ಅಭ್ಯಾಸ ಮಾಡಿಸಬೇಕೆಂಬ ನಿಯಮ ಬಹುಕಾಲ ನಡೆಯಿತು. 2012ರ ಜನವರಿ 13ರ ರಾತ್ರಿ ಇಟಲಿಯ ಗಿಗ್ಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಮಹಾ ವಿಹಾರನೌಕೆ ಬಂಡೆಗೆ ತಾಗಿ ಒರಗಿ 32 ಜನ ತೀರಿಕೊಂಡಾಗ, ಅದೇ ದಿನ ಹತ್ತಿದ್ದ ನೂರಾರು ಜನರಿಗೆ ಆ ಅಭ್ಯಾಸ ಇನ್ನೂ ಆಗಿರಲಿಲ್ಲ. ಇಪ್ಪತ್ತನಾಲ್ಕು ಗಂಟೆಯೂ ದೀರ್ಘವೆಂದು ಲೋಕಕ್ಕೆ ಆಗ ಮನವರಿಕೆಯಾಗಿ, ಹಡಗು ಹೊರಡುವ ಮುನ್ನ ಅಥವಾ ಹೊರಟೊಡನೆ ಅದು ಆಗಿಬಿಡಬೇಕೆಂಬ ನಿಯಮ 2015ರಿಂದ ಜಾರಿಗೆ ಬಂದಿತು. ಇಷ್ಟು ಪ್ರಾಣಗಳನ್ನು ತೆತ್ತು ಲೋಕ ಕಲಿತ ಪಾಠವನ್ನು ಸಂಗೀತದ ಸಭೆಗಾಗಿ ಮುಂದೂಡುವುದು ನನ್ನ ದೃಷ್ಟಿಯಲ್ಲಿ ಅಪರಾಧವೇ ಸರಿ.

ಆ ಸಂಜೆ ಹಡಗಿನ ಹಿಂಭಾಗದಲ್ಲಿ ಒಬ್ಬ ನಾವಿಕ ಬಣ್ಣದ ಡಬ್ಬಿಯನ್ನು ಪಕ್ಕದಲ್ಲಿಟ್ಟುಕೊಂಡು ಕಂಬಿಗಳಿಗೆ ಬಣ್ಣ ಬಳಿಯುತ್ತಿದ್ದ. ನಾವು ಕನ್ನಡದಲ್ಲಿ ಮಾತನಾಡುವುದನ್ನು ಕೇಳಿ ಅವನ ಮುಖ ಅರಳಿತು. ಕಾಸರಗೋಡಿನ ಕಡೆಯವನು; ತಂದೆಯೂ ಹಡಗಿನಲ್ಲಿ ದುಡಿದವರಂತೆ. ತುಕ್ಕಿನ ವಿಷಯವನ್ನು ಕೇಳಿದಾಗ ಅವನು ಕೈಯಲ್ಲಿದ್ದ ಕುಂಚವನ್ನು ಡಬ್ಬಿಯ ಮೇಲಿಟ್ಟು, ಯಾರನ್ನೂ ದೂರದೆ, ತನ್ನ ಕಸುಬನ್ನು ನನಗೆ ವಿವರಿಸಿ ಹೇಳಿದ. “ಮೊದಲು ತುಕ್ಕು ಪೂರಾ ಕೆರೆದು ತೆಗೀಬೇಕು ಸಾರ್, ಬೆಳ್ಳಿಯ ಹಾಗೆ ಕಬ್ಬಿಣ ಕಾಣುವವರೆಗೆ. ಮತ್ತೆ ಸಿಹಿನೀರಿನಲ್ಲಿ ತೊಳೀಬೇಕು, ಇಲ್ಲದಿದ್ದರೆ ಉಪ್ಪು ಅಲ್ಲೇ ಕೂತುಕೊಳ್ತದೆ. ಒಣಗಿದ ಮೇಲೆ ಪ್ರೈಮರ್, ಅದರ ಮೇಲೆ ಪೈಂಟು. ಅಪ್ಪನ ಕಾಲದಲ್ಲಿ ಹಾಗೇ ಮಾಡ್ತಾ ಇದ್ದದ್ದು. ಈಗ ಎಂತ ಮಾಡುವುದು? ಜನ ಕಮ್ಮಿ, ಟೈಮೂ ಇಲ್ಲ. ಪ್ಯಾಸೆಂಜರ್ ಬರುವ ಮೊದಲು ಬೆಳ್ಳಗೆ ಕಾಣಬೇಕು ಅಂತಾರೆ. ಮೇಲಿಂದ ಹೊಡೀತೇವೆ.”

ಅವನ ಮಾತಿನ ಸತ್ಯವನ್ನು ರಸಾಯನಶಾಸ್ತ್ರವೂ ಸಮರ್ಥಿಸುತ್ತದೆ. ಸಮುದ್ರದ ಒಂದು ಲೀಟರು ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಕರಗಿರುತ್ತದೆ; ಆ ಉಪ್ಪಿನ ತೇವದಲ್ಲಿ ಕಬ್ಬಿಣ ಗಾಳಿಯೊಡನೆ ಬಹು ಬೇಗ ಬೆರೆತು ತುಕ್ಕಾಗುತ್ತದೆ; ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುವುದರಿಂದ ಮೇಲಿನ ಬಣ್ಣವನ್ನು ಎಬ್ಬಿಸಿ, ಅದರಡಿಯಲ್ಲಿ ಮತ್ತಷ್ಟು ಉಪ್ಪುನೀರಿಗೆ ದಾರಿ ಮಾಡಿಕೊಡುತ್ತದೆ. ತುಕ್ಕಿನ ಮೇಲೆ ಬಳಿದ ಬಣ್ಣ ಕಬ್ಬಿಣವನ್ನು ಕಾಯುವುದಿಲ್ಲ; ಅದು ಸಾಯುತ್ತಿರುವುದನ್ನು ಕಣ್ಣಿಗೆ ಬೀಳದಂತೆ ಮರೆಮಾಡುತ್ತದೆ. ಪ್ರಯಾಣಿಕರ ಹಡಗನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಬೇಕೆಂಬುದು ನಮ್ಮ ದೇಶದ ಕಾನೂನಿನಲ್ಲಿಯೂ ಉಂಟು. ಆದರೆ ತಪಾಸಣೆ ಒಂದು ದಿನದ್ದು. ಉಪ್ಪು ದಿನವೂ ಕೆಲಸ ಮಾಡುತ್ತದೆ.

ಇದನ್ನು ಕೇಳುತ್ತಿರುವಾಗ ನನ್ನ ಮನಸ್ಸು ಊರಿನ ಕೆರೆಗಳ ಕಡೆಗೆ ತಿರುಗಿತು. ನಮ್ಮ ಸೀಮೆಯವರಿಗೆ ಹಡಗು ತಿಳಿಯದಿದ್ದರೂ ಕೆರೆ ತಿಳಿದಿತ್ತು. ಕೆರೆಯೂ ಹಡಗಿನಂತೆಯೇ, ಕಟ್ಟಿದ ದಿನದ ವೈಭವದಿಂದ ಉಳಿಯದೆ, ಪ್ರತಿದಿನದ ಆರೈಕೆಯಿಂದ ಮಾತ್ರ ಉಳಿಯತಕ್ಕ ವಸ್ತು. ನನ್ನ ಬಾಲ್ಯದಲ್ಲಿ ಊರಿನ ನೀರುಗಂಟಿ ಮಳೆಗಾಲದ ರಾತ್ರಿಗಳಲ್ಲಿ ಲಾಂದ್ರ ಹಿಡಿದು ಏರಿಯ ಉದ್ದಕ್ಕೂ ನಡೆದು, ಏಡಿ ಕೊರೆದ ಬಿಲಗಳನ್ನು ಹುಡುಕಿ, ಜೇಡಿಮಣ್ಣು ತುರುಕಿ ಮುಚ್ಚುತ್ತಿದ್ದ. ತೂಬಿನ ಬಳಿ ನೀರು ಕಲಕಾಗಿ ಹೊರಬಂದರೆ ಏರಿಯೊಳಗೆ ಮಣ್ಣು ಕೊರೆಯುತ್ತಿದೆಯೆಂದು ಅವನಿಗೆ ಗೊತ್ತಾಗುತ್ತಿತ್ತು. ಏರಿಯ ಮೇಲೆ ಹುಲ್ಲು ಹಸಿರಾಗಿದೆಯೆಂದು ಅವನು ಎಂದೂ ತೃಪ್ತನಾದವನಲ್ಲ. ಬೇತಮಂಗಲದ ಕೆರೆ ಹತ್ತನೆಯ ಶತಮಾನದಲ್ಲಿ ಒಡೆದಾಗ ನೊಳಂಬರ ದೊರೆ ಇರಿವನೊಳಂಬನ ಕಾಲದಲ್ಲಿ ಅದನ್ನು ಮತ್ತೆ ಕಟ್ಟಿದರು. ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳರ ದಂಡನಾಯಕ ಚೊಕ್ಕಿಮಯ್ಯ ಮತ್ತೊಮ್ಮೆ ಅದನ್ನು ಸರಿಪಡಿಸಿದ. ಹೊಸದನ್ನು ಕಟ್ಟಿದವನಿಗೆ ಸಲ್ಲುವ ಗೌರವವೇ ಹಳೆಯದನ್ನು ಉಳಿಸಿದವನಿಗೂ ಶಾಸನದಲ್ಲಿ ಸಂದಿದೆ. ನೆರೆಯ ತಮಿಳುನಾಡಿನ ಪ್ರಾಚೀನ ಶಾಸನಗಳಲ್ಲಂತೂ ಕೆರೆಯ ಹೂಳನ್ನು ತೆಗೆಯುವ ದೋಣಿಗಳಿಗಾಗಿಯೇ ದತ್ತಿ ಬಿಟ್ಟದ್ದು ಕಂಡುಬರುತ್ತದೆ. ಆ ದೋಣಿಗಳು ಯಾರ ವಿಹಾರಕ್ಕೂ ಅಲ್ಲ, ಜಲಾಶಯದ ಆಯುಸ್ಸಿಗಾಗಿ ತೇಲಿದವು. 1866ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿಯವರು ಈ ರಾಜ್ಯದ ಕೆರೆಗಳ ಜಾಲವನ್ನು ನೋಡಿ, ಇನ್ನೊಂದು ಹೊಸ ಕೆರೆಗೆ ಸ್ಥಳ ಹುಡುಕುವುದೇ ಕಷ್ಟವೆಂಬ ಅರ್ಥದಲ್ಲಿ ಬರೆದರು. ಆ ಜಾಲವನ್ನು ನೂರಾರು ವರ್ಷ ಹಿಡಿದು ನಿಲ್ಲಿಸಿದ್ದು ನೀರುಗಂಟಿಯ ಲಾಂದ್ರ.

ಅಂಥ ಕೆರೆಗಳಲ್ಲಿ ಎಷ್ಟೋ ಹೂಳು ತುಂಬಿ, ಜಾಲಿ ಬೆಳೆದು, ಒತ್ತುವರಿಯಾಗಿ ಹೋದವು. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆನೀರನ್ನು ಸಂಸ್ಕರಿಸಿ ಕೊಳವೆಗಳ ಮೂಲಕ ನಮ್ಮ ಕೆರೆಗಳಿಗೆ ತಂದು ತುಂಬುವ ಕಾಲ ಬಂದಿದೆ. ಆರೈಕೆ ತಪ್ಪಿದರೆ ಏನಾಗುತ್ತದೆಂಬುದನ್ನು ತಿಳಿಯಲು ನಮ್ಮ ಜಿಲ್ಲೆಯವರು ಬೇರೆಲ್ಲಿಗೂ ಹೋಗಬೇಕಾಗಿಲ್ಲ. ಕೆರೆ ಒಣಗಿದರೆ ಊರು ಬಡವಾಗುತ್ತದೆ. ಹಡಗು ಕೆಟ್ಟರೆ ಅದರಲ್ಲಿದ್ದವರಿಗೆ ಓಡಿಹೋಗಲು ನೆಲವೇ ಇರುವುದಿಲ್ಲ.

ಆ ಮಾತು ಎಷ್ಟು ನಿಜವೆಂಬುದು ನಮಗೆ ತಿಳಿದದ್ದು ಒಂದು ರಾತ್ರಿ. ಊಟ ಮುಗಿದು ಮಕ್ಕಳು ಮಲಗಿದ್ದರು. ಇದ್ದಕ್ಕಿದ್ದಂತೆ ದೀಪಗಳು ಆರಿ, ಗಾಳಿಯ ಯಂತ್ರ ನಿಂತು, ಹತ್ತಿದ ಕ್ಷಣದಿಂದ ನಮ್ಮ ಕಾಲಡಿಯಲ್ಲಿ ಸದಾ ಮಿಡಿಯುತ್ತಿದ್ದ ಯಂತ್ರದ ಸದ್ದೂ ಅಡಗಿತು. ಹಡಗು ಮುಂದೆ ಸಾಗುವುದನ್ನು ಬಿಟ್ಟು ಅಲೆಗಳಿಗೆ ಅಡ್ಡಲಾಗಿ ತಿರುಗಿ ತೊನೆಯತೊಡಗಿತು. ತುರ್ತುದೀಪಗಳು ಓಣಿಯ ಒಂದು ಭಾಗದಲ್ಲಿ ಉರಿದವು, ಇನ್ನೊಂದು ಭಾಗದಲ್ಲಿ ಉರಿಯಲಿಲ್ಲ. ಸೆಕೆಯಿಂದ ಎಚ್ಚರಗೊಂಡ ಮಕ್ಕಳ ಅಳು ಎಲ್ಲ ಕೋಣೆಗಳಿಂದಲೂ ಕೇಳಿಬಂದಿತು. ಶ್ರೀನಿವಾಸಪುರದ ಸ್ನೇಹಿತರು ವಯಸ್ಸಾದವರನ್ನು ಕೈಹಿಡಿದು ಮೇಲಿನ ಅಂತಸ್ತಿಗೆ ಹತ್ತಿಸುತ್ತ, “ಏನೂ ಆಗಲ್ಲ ಬನ್ನಿ ತಾಯಿ, ಗಾಳಿಗೆ ಕೂತ್ಕೊಳ್ಳೋಣ” ಎಂದು ಎಲ್ಲರಿಗೂ ಧೈರ್ಯ ಹೇಳುತ್ತಿದ್ದರು. ಅವರಿಗಾಗಲಿ ನಮಗಾಗಲಿ ಈಜು ಬಾರದು. ಅಕ್ಕ ಚಿಕ್ಕ ಮೊಮ್ಮಗಳನ್ನು ಮಡಿಲಲ್ಲಿಟ್ಟುಕೊಂಡು, ಸೀಟಿಯಿಲ್ಲದ ಆ ದೊಡ್ಡವರ ಅಂಗಿಯನ್ನೇ ಮಗುವಿಗೆ ಎರಡು ಸುತ್ತು ಸುತ್ತಿ, ತನ್ನ ಸೀರೆಯ ಸೆರಗಿನಿಂದ ಬಿಗಿದು ಕಟ್ಟಿ ಕುಳಿತಿದ್ದಳು. “ಅವರು ರಿಪೇರಿ ಮಾಡ್ತಾರೆ ಬಿಡಪ್ಪ, ಇಷ್ಟು ದೊಡ್ಡ ಹಡಗು ಇಟ್ಟೋರಿಗೆ ಗೊತ್ತಿರಲ್ವಾ” ಎಂದಳು. ಆ ಮಾತನ್ನು ಕೇಳಿದಾಗ ನನಗೆ ಉಂಟಾದ ದುಃಖವೂ ಕೋಪವೂ ಈಗಲೂ ಆರಿಲ್ಲ. ಕೆಳಗೆ ಬಿಸಿಯಲ್ಲಿ ಬೆಂದು ದುಡಿದ ಯಂತ್ರಶಾಲೆಯವರು ಬೆಳಗಿನ ಜಾವಕ್ಕೆ ವಿದ್ಯುತ್ತನ್ನು ಮರಳಿ ತಂದರು. ಅವರಿಗೆ ನಾವು ಋಣಿಗಳು. ಆದರೆ ಅಕ್ಕನ ನಂಬಿಕೆ ಹಡಗನ್ನು ಇಟ್ಟವರ ಮೇಲಿತ್ತು. ರಾಟೆಗೆ ಬಣ್ಣ ಬಳಿಸಿದವರು ಅದಕ್ಕೆ ಯೋಗ್ಯರಾಗಿರಲಿಲ್ಲ.

ಊರಿಗೆ ಬಂದು ನಾನು ಬರೆದ ಪತ್ರಕ್ಕೆ, ಮುಂದಿನ ವಿಹಾರದಲ್ಲಿ ದರದ ರಿಯಾಯಿತಿ ಕೊಡುವುದಾಗಿ ಉತ್ತರ ಬಂದಿತು. ಸಮುದ್ರವೆಂದಮೇಲೆ ಅನಿರೀಕ್ಷಿತಗಳಿರುತ್ತವೆಂದೂ ಅದರಲ್ಲಿ ಬರೆದಿತ್ತು. ನಾನು ಇದನ್ನು ಒಪ್ಪುವುದಿಲ್ಲ. ಬಿರುಗಾಳಿ ಅನಿರೀಕ್ಷಿತ; ತುಕ್ಕು ಅನಿರೀಕ್ಷಿತವಲ್ಲ. ದೋಣಿಯ ಅಳತೆ ಮೀರಿ ಜನರನ್ನು ತುಂಬುವುದು, ಬೇರೊಂದು ಕೆಲಸಕ್ಕೆ ಕಟ್ಟಿದ ದೋಣಿಯನ್ನು ವಿಹಾರಕ್ಕೆ ಬಳಸುವುದು, ಇವೂ ಅನಿರೀಕ್ಷಿತಗಳಲ್ಲ. 2019ರ ಜನವರಿಯಲ್ಲಿ ಕಾರವಾರದ ಬಳಿ ಕೂರ್ಮಗಡದ ನರಸಿಂಹ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. 2023ರ ಮೇ ತಿಂಗಳಲ್ಲಿ ಕೇರಳದ ತಾನೂರಿನಲ್ಲಿ ವಿಹಾರದ ದೋಣಿ ಮಗುಚಿ 22 ಜನ ಹೋದರು, ಅವರಲ್ಲಿ ಬಹಳ ಮಂದಿ ಮಕ್ಕಳು. ನಮ್ಮ ರಾತ್ರಿ ಪ್ರಾಣಹಾನಿಯಿಲ್ಲದೆ ಕಳೆದದ್ದು ದೈವಕೃಪೆ. ಅದನ್ನು ಒಡೆಯರ ಜಾಗರೂಕತೆಯ ಲೆಕ್ಕಕ್ಕೆ ಬರೆಯುವಂತಿಲ್ಲ.

ಇಷ್ಟಾದರೂ ಸಮುದ್ರಕ್ಕೆ ಹೋಗಬೇಡಿರೆಂದು ನಾನು ಯಾರಿಗೂ ಹೇಳುವವನಲ್ಲ. ಬರಗಾಲದಲ್ಲಿ ಬೆಳೆದ ಮಕ್ಕಳು ಅಷ್ಟು ನೀರನ್ನು ಒಮ್ಮೆಯಾದರೂ ಕಣ್ಣಾರೆ ಕಾಣಬೇಕು. ಆದರೆ ಹಣ ಕಟ್ಟುವ ಮೊದಲು, ಹಡಗನ್ನು ಕಡೆಯ ಸಲ ದುರಸ್ತಿಗೆ ನೀರಿನಿಂದ ಎತ್ತಿದ್ದು ಯಾವಾಗ, ತಪಾಸಣೆಯ ಪತ್ರದ ಅವಧಿ ಯಾವತ್ತಿನವರೆಗೆ ಎಂಬುದನ್ನು ಬರವಣಿಗೆಯಲ್ಲಿ ಕೇಳಿರಿ. ಹತ್ತಿದೊಡನೆ ಮಕ್ಕಳ ಅಳತೆಯ ಅಂಗಿಗಳನ್ನು ಕೇಳಿ ತರಿಸಿಕೊಂಡು, ತೊಡುವುದನ್ನು ಅಲ್ಲಿಯೇ ಕಲಿಯಿರಿ. ಕಲಿಸದಿದ್ದರೆ ಕಲಿಸುವವರೆಗೆ ಒತ್ತಾಯ ಮಾಡಿರಿ, ಸಂಕೋಚ ಬೇಡ. ಅನ್ಯಾಯವಾದರೆ ದೂರದ ಬಂದರಿಗೆ ಹೋಗಿ ವ್ಯಾಜ್ಯ ಮಾಡಬೇಕಾದೀತೆಂದು ಹೆದರಿ ನಮ್ಮವರು ಸುಮ್ಮನಾಗುತ್ತಾರೆ, ಅದರ ಅಗತ್ಯವಿಲ್ಲ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ಎರಡು ವರ್ಷಗಳೊಳಗೆ ದೂರನ್ನು ಕೊಡಬಹುದು. ಕೊಟ್ಟ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಮಾಲೂರಿನವರಿಗೂ ಮುಳಬಾಗಿಲಿನವರಿಗೂ ಶ್ರೀನಿವಾಸಪುರದವರಿಗೂ ಆ ಜಿಲ್ಲಾ ಆಯೋಗ ಕೋಲಾರದಲ್ಲಿಯೇ ಇದೆ.